ಮಾತ್ರೆ ಕೊಟ್ಟರೆ ಸಾಲದು, ಮಾತೂ ಬೇಕು

ಕಳೆದ ವರ್ಷ ಮುಳಬಾಗಿಲು ತಾಲೂಕಿನ ಕುರುಡುಮಲೆಗೆ ಹೋಗಿದ್ದಾಗ ಅಲ್ಲಿರುವ ನಮ್ಮ ಖಾಲಾ ಕಾಲು ಚಾಚಿ ಕುಳಿತಿದ್ದರು. ಎರಡೂ ಪಾದಗಳು ಊದಿದ್ದವು. "ಬಿ.ಪಿ. ಮಾತ್ರೆ ಶುರು ಮಾಡಿ ಎರಡು ತಿಂಗಳಾಯಿತು. ಮಾತ್ರೆಯಿಂದ ಕಿಡ್ನಿ ಹಾಳಾಗಿದೆ ಅಂತ ಎಲ್ಲರೂ ಹೇಳಿದರು. ಅದಕ್ಕೇ ಬಿಟ್ಟುಬಿಟ್ಟೆ ಬೇಟಾ" ಎಂದರು. ಅಂದೇ ಬಿ.ಪಿ. ನೋಡಿಸಿದೆವು. 180/110 ಇತ್ತು.

ಖಾಲಾ ನುಂಗುತ್ತಿದ್ದುದು ಅಮ್ಲೋಡಿಪಿನ್. ಇದು ರಕ್ತನಾಳಗಳನ್ನು ಸಡಿಲಗೊಳಿಸಿ ಒತ್ತಡ ಇಳಿಸುತ್ತದೆ. ಆಗ ಸಣ್ಣ ನಾಳಗಳಿಂದ ನೀರಿನಂಶ ಹೊರಗೆ ಜಿನುಗಿ ಪಾದದ ಸುತ್ತ ನಿಲ್ಲಬಹುದು. ಮಹಿಳೆಯರಲ್ಲಿ ಇದು ಹೆಚ್ಚು, 5 ಮಿ.ಗ್ರಾಂ.ಗಿಂತ 10 ಮಿ.ಗ್ರಾಂ.ನಲ್ಲಿ ಇನ್ನೂ ಹೆಚ್ಚು. ಈ ಊತಕ್ಕೂ ಕಿಡ್ನಿ ಹಾಳಾಗುವುದಕ್ಕೂ ಸಂಬಂಧವಿಲ್ಲ. ವೈದ್ಯರು ಪ್ರಮಾಣ ಇಳಿಸಿದರೆ ಅಥವಾ ಮಾತ್ರೆ ಬದಲಿಸಿದರೆ ಊತ ಇಳಿಯುತ್ತದೆ. ನಿಜವಾಗಿ ಕಿಡ್ನಿಯನ್ನು ಕೆಡಿಸುವುದು, ಪಾರ್ಶ್ವವಾಯು ತರುವುದು ಹತೋಟಿಗೆ ಬಾರದ ರಕ್ತದೊತ್ತಡ. ಖಾಲಾ ಭಯಪಟ್ಟದ್ದು ಮಾತ್ರೆಗೆ. ಭಯಪಡಬೇಕಾಗಿದ್ದುದು ಮಾತ್ರೆ ಬಿಡುವುದಕ್ಕೆ.

ತಪ್ಪು ಖಾಲಾ ಅವರದೇ? ನನಗೆ ಹಾಗನ್ನಿಸುವುದಿಲ್ಲ. ಮಾತ್ರೆ ಕೊಟ್ಟವರು "ಕಾಲು ಊದಬಹುದು, ಊದಿದರೆ ಬಂದು ಹೇಳಿ" ಎಂದು ಒಂದೇ ಒಂದು ಮಾತು ಹೇಳಿರಲಿಲ್ಲ.

ಮನೆ ಬಾಗಿಲಿಗೇ ಬಂದು ಬಿ.ಪಿ., ಸಕ್ಕರೆ ಕಾಯಿಲೆ ತಪಾಸಣೆ ಮಾಡಿ ಔಷಧಿ ಕೊಡುವ ಸರಕಾರದ 'ಗೃಹ ಆರೋಗ್ಯ' ಯೋಜನೆ 2024ರಲ್ಲಿ ಪ್ರಾಯೋಗಿಕವಾಗಿ ಆರಂಭವಾದದ್ದು ಕೋಲಾರ ಜಿಲ್ಲೆಯಲ್ಲೇ. ಆಸ್ಪತ್ರೆಗೆ ಹೋಗಲು ಒಂದು ದಿನದ ಕೂಲಿ ಬಿಡಬೇಕಾದವರಿಗೆ ಇದು ದೊಡ್ಡ ಉಪಕಾರ. ಆದರೆ ಮಾತ್ರೆ ಬಾಗಿಲಿಗೆ ಬಂದರೆ ಅದರ ಬಗೆಗಿನ ತಿಳುವಳಿಕೆಯೂ ಬಾಗಿಲಿಗೆ ಬರಬೇಕು. ಕನ್ನಡ, ಉರ್ದು, ತೆಲುಗು ಮೂರೂ ಕೇಳಿಬರುವ ಈ ಗಡಿ ಸೀಮೆಯಲ್ಲಿ, ರೋಗಿಯ ಮನೆಮಾತಿನಲ್ಲೇ ಬರಬೇಕು.

ಮನೆಯವರೂ ಕೆಲವು ಸಂಗತಿ ತಿಳಿದಿರಬೇಕು. ಎನಾಲಾಪ್ರಿಲ್, ರಾಮಿಪ್ರಿಲ್ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಕೆಮ್ಮಿನ ಸಿರಪ್ ಎಷ್ಟು ಕುಡಿದರೂ ಹೋಗದು, ಮಾತ್ರೆ ಬದಲಿಸಬೇಕು. ಮೂತ್ರ ಹೆಚ್ಚಿಸುವ ಮಾತ್ರೆಗಳಿಂದ ವಯಸ್ಸಾದವರಲ್ಲಿ ಸೋಡಿಯಂ ಇಳಿದು ಸುಸ್ತು, ಗೊಂದಲ ಉಂಟಾಗಬಹುದು. ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರು ಆಗಾಗ ಕ್ರಿಯೇಟಿನಿನ್, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಬೇಕು. ಇದನ್ನೂ ಎನಾಲಾಪ್ರಿಲ್, ರಾಮಿಪ್ರಿಲ್‌ಗಳನ್ನೂ ಗರ್ಭಿಣಿಯರು ಸೇವಿಸಬಾರದು. ಅವರಿಗೆ ಬೇರೆ ಸುರಕ್ಷಿತ ಮಾತ್ರೆಗಳಿವೆ. ಅಟೆನೊಲಾಲ್‌ನಂಥ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಹೃದಯಕ್ಕೇ ಅಪಾಯ.

ಇನ್ನೊಂದು ಎಚ್ಚರ. ತೋಟದ ಕೆಲಸ ಮುಗಿಸಿ ಬಂದವರು ಮಂಡಿನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುವುದು ಸಾಮಾನ್ಯ. ಅದು ಬಿ.ಪಿ. ಏರಿಸುತ್ತದೆ, ಕಿಡ್ನಿಗೂ ಹೊರೆ. ಆದರೆ ಬೈಗುಳ ಬೀಳುವುದು ಬಿ.ಪಿ. ಮಾತ್ರೆಗೆ!

ಹಾಗೆಂದು ಎಲ್ಲ ಊತವನ್ನೂ ಮಾತ್ರೆಯ ತಲೆಗೆ ಕಟ್ಟಬೇಡಿ. ಒಂದೇ ಕಾಲು ನೋವಿನೊಂದಿಗೆ ಊದಿದರೆ, ಉಸಿರು ಕಟ್ಟಿದರೆ, ಮುಖ, ತುಟಿ ಅಥವಾ ನಾಲಿಗೆ ಊದಿದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಉಪವಾಸ ಹಿಡಿಯುವವರು ಮಾತ್ರೆಯ ಸಮಯವನ್ನು ತಾವೇ ಬದಲಿಸದೆ, ರಮಝಾನ್‌ಗೆ ಮುಂಚೆಯೇ ವೈದ್ಯರನ್ನು ಕೇಳಿ ನಿರ್ಧರಿಸಲಿ. ಔಷಧಿಯ ಅಡ್ಡಪರಿಣಾಮವನ್ನು ರೋಗಿಗಳೇ ವರದಿ ಮಾಡಲು ಕೇಂದ್ರ ಸರಕಾರದ ಉಚಿತ ಸಹಾಯವಾಣಿಯಿದೆ: 1800-180-3024.

ಖಾಲಾ ಅವರಿಗೆ ವೈದ್ಯರು ಮಾತ್ರೆ ಬದಲಿಸಿದರು. ಕೆಲವೇ ವಾರಗಳಲ್ಲಿ ಊತ ಇಳಿಯಿತು, ಬಿ.ಪಿ.ಯೂ ಹತೋಟಿಗೆ ಬಂತು. ಇಷ್ಟಕ್ಕೆ ಬೇಕಾದದ್ದು ಎರಡು ನಿಮಿಷದ ಮಾತು. ಅದನ್ನು ಹೇಳುವುದು ಮಾತ್ರೆ ಕೊಡುವವರ ಕರ್ತವ್ಯ. ಅವರು ಹೇಳದಿದ್ದರೆ ಕೇಳುವುದು ನಮ್ಮ ಹಕ್ಕು. ಇಂದೇ ನಿಮ್ಮ ಮನೆಯ ಹಿರಿಯರನ್ನು ವಿಚಾರಿಸಿ: "ಬಿ.ಪಿ. ಮಾತ್ರೆ ತಗೋತಾ ಇದ್ದೀರಾ? ಅದರಿಂದ ಏನಾದರೂ ತೊಂದರೆ ಆಗ್ತಿದೆಯಾ?" ಎಷ್ಟೋ ಮಂದಿ ಸದ್ದಿಲ್ಲದೆ ಮಾತ್ರೆ ಬಿಟ್ಟಿರುತ್ತಾರೆ. ಕೇಳಿದರೆ ಮಾತ್ರ ಹೇಳುತ್ತಾರೆ.