ಕರಿಬೇವಿನ ಗಿಡವನ್ನು ಕೇಳದೆ ಹೆಸರಿಡಬೇಡಿ

ಚಿಟ್ಟೆಗಳಿಗೆ ಕನ್ನಡದ ಹೆಸರಿಡುವ ಉತ್ಸಾಹ ಈಚಿನ ವರ್ಷಗಳಲ್ಲಿ ಹೆಚ್ಚಿರುವುದು ಸಂತೋಷದ ಸಂಗತಿ. ಆದರೆ ಆ ಕಾರ್ಯ ನಡೆಯುತ್ತಿರುವ ಕ್ರಮವನ್ನು ನಾನು ಒಪ್ಪಲಾರೆ. ರೆಕ್ಕೆಯ ಚಿತ್ರವೊಂದನ್ನು ಮುಂದಿಟ್ಟುಕೊಂಡು, ಅದರ ಇಂಗ್ಲಿಷ್ ಹೆಸರನ್ನು ಕನ್ನಡಿಸಿ ಪಟ್ಟಿಗೆ ಸೇರಿಸಿದರೆ ವರ್ಗೀಕರಣ ಮುಗಿಯಿತೆಂದು ಭಾವಿಸುವವರಿಗೆ ನನ್ನದೇ ಒಂದು ತಪ್ಪೊಪ್ಪಿಗೆಯಿಂದ ಉತ್ತರ ಹೇಳುತ್ತೇನೆ.

ಕಟ್ಟಾಯದ ಕಡೆ ಮೇಷ್ಟರಾಗಿದ್ದಾಗ ಮಕ್ಕಳಿಂದ ಚಿಟ್ಟೆಗಳನ್ನು ತರಿಸಿ, ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಗುಂಡುಸೂಜಿ ಚುಚ್ಚಿ ಜೋಡಿಸಿದ್ದೆ. ಅವುಗಳಲ್ಲೊಂದು ಕಪ್ಪು ಚಿಟ್ಟೆ, ಹಿಂರೆಕ್ಕೆಯಲ್ಲಿ ಬಿಳಿ ಚುಕ್ಕೆಗಳ ಸಾಲಿನದು. ಇನ್ನೊಂದು ಕೆಂಪು ಮಚ್ಚೆಗಳದು. ಎರಡಕ್ಕೂ ಬೇರೆ ಬೇರೆ ಸಂಖ್ಯೆ ಕೊಟ್ಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ಎರಡೂ ನಮ್ಮನೆ ಕರಿಬೇವಿನ ಗಿಡದ ಹುಳದಿಂದ್ಲೇ ಬಂದಿದ್ದು" ಎಂದಳು. "ಕೂತ್ಕೋ" ಎಂದೆ. ಕೂತಳು. ಮತ್ತೆ ಆ ವರ್ಷವಿಡೀ ಅವಳು ತರಗತಿಯಲ್ಲಿ ತಾನಾಗಿ ಬಾಯಿ ತೆರೆದದ್ದು ನನಗೆ ನೆನಪಿಲ್ಲ.

ನನ್ನ ತಪ್ಪಿಗೆ ದೊಡ್ಡವರ ಜೊತೆಯಿತ್ತೆಂಬುದು ತಡವಾಗಿ ತಿಳಿಯಿತು. 1758ರಲ್ಲಿ ಲಿನೇಯಸ್ ಇದೇ ಚಿಟ್ಟೆಯ ಗಂಡನ್ನು ಪ್ಯಾಮನ್ ಎಂದೂ ಹೆಣ್ಣನ್ನು ಪಾಲಿಟಿಸ್ ಎಂದೂ ಎರಡು ಪ್ರಭೇದಗಳಾಗಿ ಬರೆದಿಟ್ಟ. ಹೆಣ್ಣಿನ ಇನ್ನೊಂದು ರೂಪಕ್ಕೆ ಕ್ರಾಮರ್ ರೊಮ್ಯುಲಸ್ ಎಂಬ ಮೂರನೆಯ ಹೆಸರು ಕೊಟ್ಟ. ದೂರದೇಶದಿಂದ ಬಂದ ಒಣ ರೆಕ್ಕೆಗಳಷ್ಟೇ ಅವರ ಮುಂದಿದ್ದವು. ನನ್ನ ಮುಂದಾದರೋ ಹುಳು ಸಾಕಿದ ಸಾಕ್ಷಿಯೇ ಎದ್ದು ನಿಂತಿತ್ತು! ಇವೆಲ್ಲ ಒಂದೇ ಸಂಸಾರವೆಂಬುದನ್ನು ವ್ಯಾಲೇಸ್ 1865ರ ತನ್ನ ಪ್ರಬಂಧದಲ್ಲಿ ವಿವರಿಸಿದ. ಈಶ್ವರಿ ಬಳ್ಳಿಯನ್ನುಂಡು ಬೆಳೆದು ಹಕ್ಕಿಗಳ ಬಾಯಿಗೆ ರುಚಿಸದಂತಾದ ಬೇರೆ ಚಿಟ್ಟೆಗಳ ವೇಷವನ್ನು ಈ ಹೆಣ್ಣು ಧರಿಸುತ್ತದೆ.

ಒಂದು ಗಂಡಿಗೆ ಬಗೆಬಗೆಯ ಹೆಣ್ಣುಗಳೆಂದು, ಬಹುಪತ್ನಿತ್ವಕ್ಕೆ ಹೆಸರಾಗಿದ್ದ ಅಮೆರಿಕದ ಪಂಥವನ್ನು ನೆನೆದು ಇಂಗ್ಲಿಷರು ಇದನ್ನು 'ಮಾರ್ಮನ್' ಎಂದರು. ಆ ಪರಿಹಾಸ್ಯವನ್ನು ಕನ್ನಡಕ್ಕೆ ಹೊತ್ತು ತಂದು ನಮಗೇನಾಗಬೇಕಾಗಿದೆ? ಸಾರ್ಜೆಂಟ್, ಕಮಾಂಡರ್, ನವಾಬ್ ಎಲ್ಲವೂ ಅವರ ದರ್ಬಾರಿನ ಪದವಿಗಳೇ. ನಮ್ಮ ಹಿತ್ತಿಲಿನ ಮಾವಿನೆಲೆ ತಿಂದು ಬೆಳೆದವನಿಗೆ ಬ್ಯಾರನ್ ಪಟ್ಟ!

ಹಾಗೆಂದು ಇಂಗ್ಲಿಷರೆಲ್ಲ ಬರಿಯ ಸೂಜಿ ಹಿಡಿದವರಲ್ಲ. ಉತ್ತರ ಕನ್ನಡದಲ್ಲಿ ಡೇವಿಡ್ಸನ್, ಬೆಲ್, ಏಟ್ಕನ್ ಎಂಬ ಮೂವರು ಸರಕಾರಿ ನೌಕರಿಯ ನಡುವೆಯೇ ಹುಳುಗಳನ್ನು ಸಾಕಿ, ಯಾವುದು ಯಾವ ಗಿಡವನ್ನು ತಿನ್ನುತ್ತದೆ, ಕೋಶ ಹೇಗೆ ತೂಗುತ್ತದೆ ಎಂಬುದನ್ನೆಲ್ಲ ದಾಖಲಿಸಿ, 1896ರಿಂದ ಮುಂಬಯಿಯ ಪ್ರಕೃತಿ ಚರಿತ್ರೆ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ನಮ್ಮ ಹುಡುಗಿಯ ಮಾರ್ಗವೂ ಅದೇ ಆಗಿತ್ತು. ಕನ್ನಡನಾಡಿನ ಮಣ್ಣಿನಲ್ಲೇ ನಡೆದ ಆ ಕೆಲಸವನ್ನು ಬಿಟ್ಟು ಹೆಸರುಗಳನ್ನು ಮಾತ್ರ ಎರವಲು ತರುವುದು ಎಂಥ ವಿವೇಕ?

ಒಂದೇ ಗಿಡದಲ್ಲಿ ಹಲವು ಚಿಟ್ಟೆಗಳಿರುತ್ತವಲ್ಲ ಎಂಬ ಆಕ್ಷೇಪ ಬರುತ್ತದೆ. ನಿಜ, ನಿಂಬೆಯ ಗಿಡವೊಂದರಲ್ಲೇ ಎರಡು ಮೂರು ಬಗೆಯ ಹುಳುಗಳನ್ನು ಕಂಡಿದ್ದೇನೆ. ಆದರೆ ನಮ್ಮ ಕಡೆ ಮನುಷ್ಯರ ಹೆಸರಿನ ಮೊದಲಲ್ಲಿ ಊರಿನ ಅಕ್ಷರ ಬರುತ್ತದೆ, ಆಮೇಲೆ ಸ್ವಂತ ಹೆಸರು. ಒಂದೂರಿನವರಿಗೆಲ್ಲ ಅದೇ ಅಕ್ಷರವೆಂದು ಯಾರೂ ಗಲಿಬಿಲಿಗೊಂಡಿಲ್ಲ. ಲಿನೇಯಸ್ ಕುಲದ ಹೆಸರನ್ನು ಮುಂದಿಟ್ಟು ಪ್ರಭೇದವನ್ನು ಹಿಂದಿಟ್ಟದ್ದೂ ಇದೇ ಬಗೆಯ ಏರ್ಪಾಡು. ವಿಜ್ಞಾನದ ಹೆಸರನ್ನು ಯಾರೂ ಮುಟ್ಟುವುದು ಬೇಡ. ಆಡುವ ಹೆಸರಿಗೆ ಗಿಡವು ಮೊದಲಾಗಿ, ರೆಕ್ಕೆಯ ಗುರುತು ಬಳಿಕ ಬರಲಿ ಎಂಬುದಷ್ಟೇ ನನ್ನ ವಾದ.

ನಮ್ಮ ರಾಜ್ಯದ ಚಿಟ್ಟೆಯೆನಿಸಿದ ಸದರ್ನ್ ಬರ್ಡ್‌ವಿಂಗ್‌ನ ಹುಳುವಿಗೂ ಈಶ್ವರಿ ಬಳ್ಳಿಯೇ ಆಹಾರ. ರಾಜ್ಯದ ಚಿಟ್ಟೆ ಯಾವುದೆಂದರೆ ನನ್ನ ಮೊಮ್ಮಗ ಥಟ್ಟನೆ ಒಪ್ಪಿಸುತ್ತಾನೆ. ಮೊನ್ನೆ ಬೇಲಿ ಸವರುವಾಗ ಆಳು ಆ ಬಳ್ಳಿಯನ್ನು ಬೇರುಸಮೇತ ಕಿತ್ತು ರಸ್ತೆಗೆಸೆದ. ಮೊಮ್ಮಗ ಪಕ್ಕದಲ್ಲೇ ನಿಂತು ನೋಡುತ್ತಿದ್ದ.