ಅಡಿಕೆಯ ಸಹಜ ಅಂಶಗಳು: ಔಷಧೀಯ ಮೌಲ್ಯ ಹಾಗೂ ಆರೋಗ್ಯದ ಪ್ರಶ್ನೆ

ಹಿನ್ನೆಲೆ:
ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ ಹಾಗೂ ನ್ಯಾಮತಿ ತಾಲ್ಲೂಕುಗಳಲ್ಲಿ ಅಡಿಕೆಯು ಪ್ರಮುಖ ವಾಣಿಜ್ಯ ಬೆಳೆಯಾಗಿದೆ. ಭದ್ರಾ ನಾಲೆ ಮತ್ತು ತುಂಗಭದ್ರಾ ನದಿಯ ನೀರು ಈ ಭಾಗಕ್ಕೆ ಆಧಾರವಾಗಿದ್ದು, ಮಳೆಯಾಶ್ರಿತ ಜಗಳೂರು ತಾಲ್ಲೂಕಿನಲ್ಲಿಯೂ ಕೊಳವೆಬಾವಿಗಳನ್ನು ನೆಚ್ಚಿ ಅಡಿಕೆ ತೋಟಗಳನ್ನು ಎಬ್ಬಿಸಲಾಗಿದೆ. "ಅಡಿಕೆ ಔಷಧೀಯ ಗುಣವುಳ್ಳದ್ದು" ಎಂಬ ವಾದವೂ, "ಅಡಿಕೆ ಕ್ಯಾನ್ಸರ್‌ಕಾರಕ" ಎಂಬ ವಾದವೂ ಏಕಕಾಲಕ್ಕೆ ಕೇಳಿಬರುತ್ತಿರುವುದರಿಂದ ವಿಷಯವನ್ನು ಈ ಕೆಳಗಿನಂತೆ ವಿಶ್ಲೇಷಿಸಲಾಗಿದೆ.

ಅಡಿಕೆಯಲ್ಲಿರುವ ಅಂಶಗಳು:
ಅಡಿಕೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಸಹಜ ರಾಸಾಯನಿಕಗಳಿವೆ. ಮೊದಲನೆಯದು ಅರೆಕೋಲಿನ್ ಮುಂತಾದ ಆಲ್ಕಲಾಯ್ಡ್‌ಗಳು. ಅರೆಕೋಲಿನ್ನನ್ನು ಹಿಂದೆ ನಾಯಿಗಳ ಲಾಡಿಹುಳು ನಿವಾರಣೆಗೆ ಪಶುವೈದ್ಯರು ಬಳಸುತ್ತಿದ್ದರು. ಎರಡನೆಯದು ಟ್ಯಾನಿನ್‌ಗಳು. ಇವು ಎಳೆಯ ಕಾಯಿಯಲ್ಲಿ ಹೆಚ್ಚಾಗಿದ್ದು, ಕಾಯಿ ಬಲಿತಂತೆ ಕಡಿಮೆಯಾಗುತ್ತವೆ. ಕೆಂಪಡಿಕೆ ತಯಾರಿಸಲು ಹಸಿ ಅಡಿಕೆಯನ್ನು ಸುಲಿದು ಬೇಯಿಸಿದಾಗ ದೊರೆಯುವ ಚೊಗರಿನಲ್ಲಿ ಇವು ಹೇರಳವಾಗಿರುತ್ತವೆ. ಟ್ಯಾನಿನ್ ಪ್ರೋಟೀನಿನೊಡನೆ ಬೆಸೆದುಕೊಳ್ಳುವ ಗುಣವುಳ್ಳದ್ದಾದುದರಿಂದ ಚರ್ಮ ಹದಮಾಡಲು ಉಪಯುಕ್ತವಾಗಿದೆ.

ಆರೋಗ್ಯದ ಮೇಲಿನ ಪರಿಣಾಮ:
ಅಡಿಕೆಯನ್ನು ನಿತ್ಯ ಜಗಿಯುವವರ ಬಾಯಿಯಲ್ಲಿ ಇದೇ ಗುಣವು ಅಪಾಯಕ್ಕೆ ಕಾರಣವಾಗುತ್ತದೆ. ಅರೆಕೋಲಿನ್ ಬಾಯಿಯ ಒಳಪೊರೆಯಡಿ ಕೊಲಾಜೆನ್ ಎಂಬ ಪ್ರೋಟೀನಿನ ಉತ್ಪತ್ತಿಯನ್ನು ಹೆಚ್ಚಿಸುತ್ತದೆ. ಟ್ಯಾನಿನ್ ಆ ಕೊಲಾಜೆನ್ ಕರಗದಂತೆ ಗಟ್ಟಿಗೊಳಿಸುತ್ತದೆ. ಕ್ರಮೇಣ ಕೆನ್ನೆಯ ಒಳಭಾಗ ಬಿಗಿದು ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಈ ಸ್ಥಿತಿಯು ಕ್ಯಾನ್ಸರಿಗೆ ತಿರುಗುವ ಸಾಧ್ಯತೆಯೂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲನೆಯ ಗುಂಪಿಗೆ ಸೇರಿಸಿದೆ. ಆದುದರಿಂದ, ತಂಬಾಕು ಬಿಟ್ಟರೆ ಅಡಿಕೆ ನಿರಪಾಯಕಾರಿ ಎಂಬ ಭಾವನೆ ಸರಿಯಲ್ಲ.

ಮಾರುಕಟ್ಟೆಯ ಅಂಶ:
ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧಿಸಲಾಯಿತು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಆಲ್ಕಲಾಯ್ಡ್‌ಗಳು ಆಹಾರಕ್ಕೆ ಸೇರಬಹುದೆಂಬ ಕಾರಣದಿಂದ ಅಡಿಕೆ ಹಾಳೆಯ ತಟ್ಟೆಗಳ ವಿರುದ್ಧ ಕ್ರಮ ಕೈಗೊಂಡಿತು. ಜಗಿಯುವ ಬಳಕೆಯೊಂದನ್ನೇ ನಂಬಿದ ಬೇಡಿಕೆಯು ಬೆಳೆಗಾರನಿಗೆ ಭದ್ರವಲ್ಲವೆಂಬುದೂ, ಪರ್ಯಾಯ ಉತ್ಪನ್ನಗಳಿಗೂ ಸುರಕ್ಷತಾ ಪರೀಕ್ಷೆ ಅಗತ್ಯವೆಂಬುದೂ ಇದರಿಂದ ಸ್ಪಷ್ಟವಾಗುತ್ತದೆ. ಸಾಗರ ತಾಲ್ಲೂಕಿನ ಚರಕ ಮಹಿಳಾ ಸಹಕಾರ ಸಂಘವು ಕೈಮಗ್ಗದ ಬಟ್ಟೆಗಳಿಗೆ ಚೊಗರಿನ ಬಣ್ಣ ಬಳಸುತ್ತಿರುವುದು ಈ ದಿಸೆಯಲ್ಲಿ ಗಮನಾರ್ಹ. ಚೊಗರನ್ನು ವ್ಯರ್ಥಗೊಳಿಸದೆ ಸಂಗ್ರಹಿಸಿದಲ್ಲಿ ಬಣ್ಣ ಹಾಗೂ ಚರ್ಮೋದ್ಯಮಕ್ಕೆ ಕಚ್ಚಾವಸ್ತುವಾಗಬಲ್ಲದು.

ಉಪಸಂಹಾರ:
ಒಂದು ಸಸ್ಯದಲ್ಲಿ ಉಪಯುಕ್ತ ಅಂಶವಿದೆ ಎಂದ ಮಾತ್ರಕ್ಕೆ ಅದನ್ನು ಸೇವಿಸುವುದು ಆರೋಗ್ಯಕರವೆಂದು ಅರ್ಥವಲ್ಲ. ಅಂಶವನ್ನು ಬೇರ್ಪಡಿಸಿ, ಪ್ರಮಾಣ ನಿಗದಿಪಡಿಸಿ, ಪರೀಕ್ಷಿಸಿದ ನಂತರವೇ ಅದು ಔಷಧವೆನಿಸುತ್ತದೆ. ಬೆಳೆಗಾರರ ಜೀವನೋಪಾಯ ಹಾಗೂ ಬಳಕೆದಾರರ ಆರೋಗ್ಯ ಎರಡನ್ನೂ ಕಾಯುವ ಮಾರ್ಗವು ಜಗಿಯುವಿಕೆಯ ಹೊರತಾದ ಬಳಕೆಗಳಲ್ಲಿದೆ. ಬಾಯಿ ತೆರೆಯಲು ತೊಂದರೆ, ಬಿಳಿ ಮಚ್ಚೆ ಅಥವಾ ಮಾಯದ ಹುಣ್ಣು ಕಂಡುಬಂದಲ್ಲಿ ಸಾರ್ವಜನಿಕರು ತಡಮಾಡದೆ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳುವುದು.