ಫರಸಿಗೆ ಒಂದು ಯಂತ್ರ, ಕಾರಿಗೆ ಇನ್ನೊಂದು



ತಾಂಡೂರಿನ ಕಲ್ಲನ್ನು ನಮ್ಮ ಕಡೆ ನೋಡದವರು ಕಡಿಮೆ. ಶಹಾಬಾದಿನ ಫರಸಿಯ ಹಾಗೆ ಇದೂ ಸುಣ್ಣಕಲ್ಲೇ. ನೀಲಿ, ಹಳದಿ ಛಾಯೆಗಳಲ್ಲಿ ಸಿಗುವ ಈ ಕಲ್ಲನ್ನು ಕೊಯ್ದು ಹೊಳಪು ಕೊಡುವ ಘಟಕಗಳು ಆ ಊರಿನಲ್ಲಿ ಬಹಳ. ಸೇಡಂ, ಚಿಂಚೋಳಿ ಕಡೆಯಿಂದ ಹೋದ ಕನ್ನಡದ ಕುಟುಂಬಗಳೂ ಅಲ್ಲಿ ದುಡಿಯುತ್ತವೆ. ಅಂಥ ಒಂದು ಕುಟುಂಬದ ಹುಡುಗ ಆರು ವರ್ಷ ಫರಸಿಯ ಮೇಲೆ ಪಾಲಿಶ್ ಯಂತ್ರ ಹಿಡಿದವನು. ಎರಡು ವರ್ಷಗಳ ಹಿಂದೆ ಆ ಕೆಲಸ ಬಿಟ್ಟು, ಹೈದರಾಬಾದಿನಿಂದ ಸೋಲಾಪುರದ ಕಡೆ ಹೋಗುವ ಹೆದ್ದಾರಿಯಲ್ಲಿ, ಜಹೀರಾಬಾದಿನ ಹತ್ತಿರ, ಕಾರು ತೊಳೆದು ಪಾಲಿಶ್ ಮಾಡುವ ಅಂಗಡಿ ಇಟ್ಟ. ಅದಕ್ಕೆ ತಾಯಿಯ ಸರ ಅಡವಿಗೆ ಹೋಗಿತ್ತು.

ಮೂರನೆಯ ತಿಂಗಳಲ್ಲಿ ನಾರಾಯಣಖೇಡದ ಮೇಷ್ಟ್ರೊಬ್ಬರು ತಮ್ಮ ಕಪ್ಪು ಕಾರನ್ನು ತಂದು ಬಿಟ್ಟರು. ಮಗಳ ನಿಶ್ಚಿತಾರ್ಥಕ್ಕೆ ಕಾರು ಹೊಸದರಂತೆ ಕಾಣಬೇಕೆಂಬುದು ಅವರ ಆಸೆ. ಹುಡುಗ ಯಂತ್ರಕ್ಕೆ ಉಣ್ಣೆಯ ಪ್ಯಾಡ್ ಹಾಕಿ, ಕಾಂಪೌಂಡ್ ಬಳಿದು, ಫರಸಿಯ ಮೇಲೆ ಒತ್ತುವಂತೆಯೇ ಒತ್ತಿದ. ಬಾನೆಟ್ಟಿನ ಏಣಿನ ಮೇಲೆ ಕ್ಷಣಮಾತ್ರದಲ್ಲಿ ಬಣ್ಣ ಸುಟ್ಟು, ಒಳಗಿನ ಬಿಳಿ ಪ್ರೈಮರ್ ಹಲ್ಲು ಕಿರಿಯಿತು. ಮರುದಿನ ಸಂಜೆ ನನ್ನ ಬಳಿ ಬಂದು ತಲೆ ತಗ್ಗಿಸಿ ಕುಳಿತ.

“ಫಾದರ್, ಈ ಮಷೀನೇ ಸರಿ ಇಲ್ಲರೀ. ಬ್ಯಾರೆ ಯಾವುದು ತಗೋಬೇಕು, ನೀವೇ ಹೇಳ್ರಿ.”

ಗುರುಮಠದಲ್ಲಿದ್ದಾಗ ಹಳೆಯ ಜೀಪಿನ ಉಸ್ತುವಾರಿ ನನ್ನದಾಗಿತ್ತು. ಆಗಿನಿಂದ ಅಂಟಿದ ಗೀಳಿನಿಂದಾಗಿ ಇಂಥ ಪ್ರಶ್ನೆಗಳು ನನ್ನ ಬಳಿ ಬರುತ್ತಲೇ ಇರುತ್ತವೆ. ಯಂತ್ರ ಕೊಳ್ಳುವ ಮೊದಲು ಕಣ್ಣಾರೆ ನೋಡೋಣ ಎಂದು ಗುಜರಿಯಿಂದ ಒಂದು ಹಳೆಯ ಬಾನೆಟ್ ತಂದೆವು. ಹೈದರಾಬಾದಿನ ಪರಿಚಯದವರೊಬ್ಬರಿಂದ ಇನ್ನೊಂದು ಬಗೆಯ ಯಂತ್ರವನ್ನು ಎರಡು ದಿನದ ಮಟ್ಟಿಗೆ ಪಡೆದೆವು.

ಈ ಯಂತ್ರಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ರೋಟರಿ. ಇದರಲ್ಲಿ ಪ್ಯಾಡು ಒಂದೇ ಅಚ್ಚಿನ ಮೇಲೆ, ಗಾಣದಂತೆ, ಒಂದೇ ಕಡೆಗೆ ತಿರುಗುತ್ತದೆ. ವೇಗ ಸಾಮಾನ್ಯವಾಗಿ ನಿಮಿಷಕ್ಕೆ 600ರಿಂದ 3,000 ಸುತ್ತು. ಆಳವಾದ ಗೀರನ್ನೂ ಬೇಗ ತೆಗೆಯುತ್ತದೆ. ಅಷ್ಟೇ ಬೇಗ ಬಿಸಿಯನ್ನೂ ಹುಟ್ಟಿಸುತ್ತದೆ.

ಎರಡನೆಯದು ಡ್ಯುಯಲ್ ಆಕ್ಷನ್, ಅಂಗಡಿಯವರ ಬಾಯಲ್ಲಿ ‘ಡಿಎ’. ಇದರ ಪ್ಯಾಡು ತನ್ನ ಸುತ್ತ ತಾನು ತಿರುಗುವುದರ ಜೊತೆಗೆ ಅಚ್ಚಿನಿಂದ ಸರಿದು ಸಣ್ಣ ಸುತ್ತುಗಳನ್ನೂ ಹಾಕುತ್ತದೆ. ಒಂದೇ ಜಾಗವನ್ನು ಒಂದೇ ದಿಕ್ಕಿನಲ್ಲಿ ಉಜ್ಜುವುದಿಲ್ಲವಾದ್ದರಿಂದ ಬಿಸಿ ಕಡಿಮೆ. ಹೆಚ್ಚು ಒತ್ತಿದರೆ ಪ್ಯಾಡು ತಿರುಗುವುದನ್ನೇ ನಿಲ್ಲಿಸಿ ಬರೀ ಅದುರುತ್ತದೆ. ಕಲಿಯುವವನ ತಪ್ಪನ್ನು ಯಂತ್ರವೇ ಅರ್ಧ ತಡೆದಂತೆ. ಆ ಸಣ್ಣ ಸುತ್ತಿನ ಅಗಲವನ್ನು 8, 15, 21 ಮಿಲಿಮೀಟರ್ ಎಂದು ಹೇಳುತ್ತಾರೆ. ಇಟಲಿಯ ರೂಪೆಸ್ ಕಂಪನಿ ತನ್ನ ಯಂತ್ರಗಳ ಹೆಸರಿನಲ್ಲೇ 15, 21 ಎಂದು ಈ ಅಳತೆಯನ್ನು ಸೇರಿಸಿದೆ. ಅಗಲ ಹೆಚ್ಚಾದಷ್ಟೂ ಬಾನೆಟ್, ಚಾವಣಿಯಂಥ ಬಯಲು ಜಾಗದಲ್ಲಿ ಕೆಲಸ ಬೇಗ ಸಾಗುತ್ತದೆ. ಬಾಗು ತಿರುವುಗಳಲ್ಲಿ ಮಾತ್ರ ಪ್ಯಾಡು ತಡವರಿಸುತ್ತದೆ.

ಮೂರನೆಯದು ಇವೆರಡರ ನಡುವಿನದು. ಸುತ್ತೂ ಹಾಕುತ್ತದೆ, ಆದರೆ ಪ್ಯಾಡನ್ನು ಗೇರ್ ತಿರುಗಿಸುವುದರಿಂದ ಒತ್ತಿದರೂ ನಿಲ್ಲುವುದಿಲ್ಲ. ಜರ್ಮನಿಯ ಫ್ಲೆಕ್ಸ್ ಕಂಪನಿಯ ಎಕ್ಸ್‌ಸಿ 3401 ಇದಕ್ಕೆ ಹೆಸರುವಾಸಿ. ಕತ್ತರಿಸುವ ಶಕ್ತಿ ಚೆನ್ನಾಗಿದೆ. ಬಿಸಿ ಮಾತ್ರ ಎರಡನೆಯದಕ್ಕಿಂತ ಹೆಚ್ಚು, ಕೈಗೆ ಅದುರುವಿಕೆಯೂ ಜಾಸ್ತಿ.

ಇನ್ನು ನಮ್ಮ ಊರುಗಳಲ್ಲಿ ಕೆಲವರು ಕಬ್ಬಿಣ ಕತ್ತರಿಸುವ ಗ್ರೈಂಡರಿಗೇ ಪ್ಯಾಡ್ ಸಿಕ್ಕಿಸಿ ಕಾರು ಉಜ್ಜುವುದುಂಟು. ಅದರ ವೇಗ ನಿಮಿಷಕ್ಕೆ 10,000 ಸುತ್ತನ್ನೂ ಮೀರುತ್ತದೆ. ಅದನ್ನು ಈ ಹೋಲಿಕೆಗೇ ತರಬಾರದು.

ಬಾನೆಟ್ಟಿನ ನಡುವೆ ಟೇಪು ಅಂಟಿಸಿ, ಎಡಕ್ಕೆ ರೋಟರಿ, ಬಲಕ್ಕೆ ಡಿಎ ಹಿಡಿದೆವು. ರೋಟರಿಯ ಕಡೆ ಸುಮಾರು ಎಂಟು ನಿಮಿಷಕ್ಕೆ ಗೀರುಗಳು ಮಾಯ. ಅದೇ ಕೆಲಸಕ್ಕೆ ಡಿಎ ಇಪ್ಪತ್ತು ನಿಮಿಷ ದಾಟಿಸಿತು. ಹುಡುಗ ನನ್ನ ಮುಖ ನೋಡಿ ನಕ್ಕ; ರೋಟರಿಯೇ ಗೆದ್ದಿತೆಂದು ಅವನ ಲೆಕ್ಕ. ಬಾನೆಟ್ಟನ್ನು ಬಿಸಿಲಿಗೆ ಎತ್ತಿ ಹಿಡಿದಾಗ ಅವನ ನಗು ಹೋಯಿತು. ಎಡಭಾಗದಲ್ಲಿ ಮೀನಿನ ಮೈಯಂತೆ ಮಿನುಗುವ ಗೆರೆಗಳು, ಯಂತ್ರ ಹೋದ ದಾರಿಯಲ್ಲೆಲ್ಲ. ಬಲಭಾಗ ತಿಳಿನೀರಿನಂತಿತ್ತು. ರೋಟರಿಯಲ್ಲಿ ಪಳಗಿದ ಕೈಯಾದರೆ ಮೃದುವಾದ ಫೋಮ್ ಪ್ಯಾಡಿನಿಂದ ಈ ಗೆರೆಗಳನ್ನೂ ತೆಗೆಯಬಲ್ಲದು. ಆದರೆ ಕೈ ಪಳಗಲು ವರ್ಷಗಳು ಬೇಕು.

“ಆರು ವರ್ಷ ಮಷೀನ್ ಹಿಡದೀನ್ರೀ ಫಾದರ್. ನನ್ನ ಕೈ ಪಳಗಿಲ್ಲೇನು?”

ನೊಂದು ಕೇಳಿದ ಮಾತದು. ಅವನ ಕೈ ಪಳಗಿದ್ದು ನಿಜ, ಆದರೆ ಕಲ್ಲಿಗೆ. ಕಾಗದ ತೆಗೆದು ಲೆಕ್ಕ ಬರೆದು ತೋರಿಸಿದೆ. ಒಂದು ಅಂಗುಲದ ಫರಸಿ ಎಂದರೆ 25,000 ಮೈಕ್ರಾನಿಗೂ ಹೆಚ್ಚು ದಪ್ಪ. ಕಾರಿನ ಬಣ್ಣದ ಮೇಲೆ ಹೊಳಪಿಗಾಗಿ ಇರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ಇರುತ್ತದೆ. ಕಲ್ಲನ್ನು ಉಜ್ಜಿದಷ್ಟೂ ಒಳಗೆ ಕಲ್ಲೇ ಸಿಗುತ್ತದೆ. ಕಾರನ್ನು ಉಜ್ಜಿದರೆ ಕೂದಲೆಳೆಗಿಂತ ತೆಳುವಾದ ಈ ಪದರ ಮುಗಿದು ಬಣ್ಣ, ಬಣ್ಣ ಮುಗಿದು ಪ್ರೈಮರ್. ಏಣು, ಅಂಚುಗಳ ಮೇಲಂತೂ ಪದರ ಇನ್ನೂ ತೆಳು; ಯಂತ್ರದ ಒತ್ತಡವೆಲ್ಲ ಬೀಳುವುದೂ ಅಲ್ಲಿಯೇ. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಇದೇ ಪದರ. ಪ್ರತಿಯೊಂದು ಪಾಲಿಶೂ ಅದರಿಂದ ಸ್ವಲ್ಪ ಕದಿಯುತ್ತದೆ. ಯಾವ ಯಂತ್ರ ಬೇಗ ಹೊಳಪು ತರುತ್ತದೆ ಎಂದು ಕೇಳುವ ಬದಲು, ಯಾವುದು ಕಡಿಮೆ ತಿಂದು ಹೊಳಪು ತರುತ್ತದೆ ಎಂದು ಕೇಳಬೇಕು.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಕೊನೆಗೆ “ಹಂಗಾದ್ರ ತಪ್ಪು ಮಷೀನಿಂದಲ್ಲ ಬಿಡ್ರಿ” ಎಂದ. ಮರುದಿನ ನಾರಾಯಣಖೇಡಕ್ಕೆ ಹೋಗಿ ಮೇಷ್ಟ್ರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಬಾನೆಟ್ಟಿಗೆ ಪೂರ್ತಿ ಹೊಸ ಬಣ್ಣ ತನ್ನ ಖರ್ಚಿನಲ್ಲೇ ಹೊಡೆಸಿಕೊಟ್ಟ. ಸರ ಬಿಡಿಸಿಕೊಳ್ಳುವುದು ಮತ್ತೆ ಆರು ತಿಂಗಳು ಮುಂದೆ ಹೋಯಿತು. ಮೇಷ್ಟ್ರು ಬೈಯಲಿಲ್ಲ, ನಿಶ್ಚಿತಾರ್ಥಕ್ಕೆ ಬಾಡಿಗೆ ಕಾರಿನಲ್ಲಿ ಹೋದರು.

ಆಮೇಲೆ ಅವನು 15 ಮಿಲಿಮೀಟರಿನ ಸಾಧಾರಣ ಬೆಲೆಯ ಡಿಎ ಯಂತ್ರವನ್ನು ಕಂತಿನಲ್ಲಿ ಕೊಂಡ. ಇಟಲಿ, ಜರ್ಮನಿಯ ಯಂತ್ರಗಳ ಬೆಲೆ ಅದರ ಹಲವು ಪಟ್ಟು. ಗಿರಾಕಿ ನಿಂತ ಮೇಲೆ ನೋಡಿದರಾಯಿತು ಎಂದೆ. ರೋಟರಿಯನ್ನು ಮಾರಲಿಲ್ಲ, ಗುಜರಿ ಬಾನೆಟ್ಟಿನ ಮೇಲೆ ಬಿಡುವಿನಲ್ಲಿ ಅಭ್ಯಾಸ ಮಾಡುತ್ತಾನೆ.

ನಿಮ್ಮ ಮನೆಯ ಕಾರನ್ನು ಪಾಲಿಶಿಗೆ ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿರಿ. ಯಾವ ಯಂತ್ರ ಬಳಸುತ್ತೀರಿ? ಬಣ್ಣದ ದಪ್ಪ ಅಳೆಯುವ ಮೀಟರ್ ಇದೆಯೇ? ಅಂಚುಗಳಿಗೆ ಟೇಪು ಹಚ್ಚುತ್ತೀರಾ? ಮೊದಲು ಅಂಗೈ ಅಗಲ ಜಾಗದಲ್ಲಿ ಮಾಡಿ ತೋರಿಸುತ್ತೀರಾ? ಉತ್ತರ ಕೊಡಲು ಬೇಸರಿಸುವವನ ಕೈಗೆ ಕೀಲಿ ಕೊಡಬೇಡಿ. ಬಿಸಿಲಲ್ಲಿ ನಿಂತ ಕಾರಿಗೆ ಪಾಲಿಶ್ ಮಾಡಿಸಬೇಡಿ. ಪ್ಲಾಸ್ಟಿಕ್ ಬಂಪರಿನಲ್ಲಿ ಬಿಸಿ ಹರಡದೆ ಒಂದೇ ಕಡೆ ನಿಲ್ಲುವುದರಿಂದ ಅಲ್ಲಿ ಇನ್ನಷ್ಟು ಎಚ್ಚರ ಬೇಕು.

ಇನ್ನೊಂದು ಮಾತು. ಪಾಲಿಶಿನ ಅಗತ್ಯ ಬರುವುದೇ ಬಹುಮಟ್ಟಿಗೆ ನಮ್ಮ ಕೈಯಿಂದ. ದಿನವೂ ಬೆಳಿಗ್ಗೆ ಒಣಬಟ್ಟೆಯಿಂದ ಕಾರು ಒರೆಸುತ್ತೇವಲ್ಲ, ಆಗ ರಸ್ತೆಯ ದೂಳಿನಲ್ಲಿರುವ ಮರಳಿನ ಕಣಗಳು ಬಣ್ಣದ ಮೇಲೆ ಗೀರು ಎಳೆಯುತ್ತವೆ. ಮೊದಲು ಧಾರಾಳವಾಗಿ ನೀರು ಸುರಿದು ದೂಳು ಇಳಿಸಿ, ಆಮೇಲೆ ಶಾಂಪೂ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ತೊಳೆಯಿರಿ.

ಕಳೆದ ತಿಂಗಳು ಅವನ ಅಂಗಡಿಯ ಮುಂದೆ ಕಪ್ಪು ಕಾರೊಂದು ನಿಂತಿತ್ತು. ಏಣುಗಳಿಗೆಲ್ಲ ಟೇಪು ಹಚ್ಚಿತ್ತು. ಹುಡುಗ ಅಂಗೈಯ ಹಿಂಬದಿಯನ್ನು ಬಾನೆಟ್ಟಿಗೆ ತಾಗಿಸಿ ಬಿಸಿ ನೋಡುತ್ತಿದ್ದ. ಕಾರು ನಾರಾಯಣಖೇಡದ ಅದೇ ಮೇಷ್ಟ್ರದು.